ಕಾರಿನ ಸ್ಪೀಕರಿಗೆ ಕಾರೇ ಪೆಟ್ಟಿಗೆ

ಮೂರು ವರ್ಷಗಳ ಹಿಂದೆ, ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ಗೊಬ್ಬರದ ಮೂಟೆ ಹೊತ್ತು ಸವೆದಿದ್ದ ಹಳೆಯ ಕಾರನ್ನು ಗುಜರಿಗೆ ಹಾಕುವಾಗ, ಅದರ ಬಾಗಿಲುಗಳಲ್ಲಿದ್ದ ಆರೂವರೆ ಇಂಚಿನ ಎರಡು ಸ್ಪೀಕರುಗಳನ್ನೂ ಸ್ಟೀರಿಯೊವನ್ನೂ ಬಿಚ್ಚಿ ಇಟ್ಟುಕೊಂಡೆ. ಕಾರಿನಲ್ಲಿ ಅಷ್ಟು ತುಂಬಿಕೊಂಡು ಕೇಳುತ್ತಿದ್ದ ಆ ಸ್ಪೀಕರನ್ನು ಮನೆಯ ಮೇಜಿನ ಮೇಲೆ ಬರಿದಾಗಿ ಇಟ್ಟು ಒಂದು ಮದುವೆಯ ವಾಲಗದ ಧ್ವನಿಮುದ್ರಣವನ್ನು ಹಾಕಿದರೆ, ಊದುವವರು ಮಾತ್ರ ಬಂದಿದ್ದಾರೆ, ಡೋಲಿನವರು ಮನೆಯಲ್ಲೇ ಉಳಿದಿದ್ದಾರೆ ಎನ್ನುವ ಹಾಗಿತ್ತು. ಸ್ಪೀಕರ್ ಕೆಟ್ಟಿದೆ ಎಂದೇ ಭಾವಿಸಿದೆ. ಆಮೇಲೆ ಒಂದು ರಟ್ಟಿನ ಪೆಟ್ಟಿಗೆಗೆ ತಟ್ಟೆಯ ಅಳತೆಯ ತೂತು ಕೊರೆದು, ಸ್ಪೀಕರಿನ ಅಂಚನ್ನು ಅದಕ್ಕೆ ಅಂಗೈಯಿಂದ ಒತ್ತಿ ಹಿಡಿದೆ. ಡೋಲು ಬಂತು, ಕೈ ಸಡಿಲಿಸಿದರೆ ಮತ್ತೆ ಹೋಯಿತು.

ಕಾರಣ ಸರಳವಾದದ್ದು. ಸ್ಪೀಕರಿನ ಕೋನ್, ಎಂದರೆ ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಪೊರೆ, ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. 50 ಹರ್ಟ್ಸ್ ಆವೃತ್ತಿಯ, ಎಂದರೆ ಸೆಕೆಂಡಿಗೆ ಐವತ್ತು ಸಲ ಅದುರುವ, ಸ್ವರದ ತರಂಗದೂರ ಸುಮಾರು 7 ಮೀಟರ್. ಅಷ್ಟು ನಿಧಾನವಾದ ಏರಿಳಿತದಲ್ಲಿ, ಒಂದು ಗೇಣಿಗಿಂತ ಚಿಕ್ಕದಾದ ಕೋನಿನ ಅಂಚನ್ನು ಬಳಸಿ ಮುಂದಿನ ಗಾಳಿ ಹಿಂದಕ್ಕೆ ಜಾರಿಕೊಳ್ಳಲು ಬೇಕಾದಷ್ಟು ಸಮಯವಿರುವುದರಿಂದ ಒತ್ತಡ ಕೇಳುಗನ ಕಿವಿಯವರೆಗೆ ಬರುವುದೇ ಇಲ್ಲ. 3,000 ಹರ್ಟ್ಸಿನ ಸ್ವರದ ತರಂಗದೂರವಾದರೋ ಹತ್ತಿರಹತ್ತಿರ 11 ಸೆಂಟಿಮೀಟರ್. ಅದಕ್ಕೆ ಈ ತೊಂದರೆಯಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಕಾಯಿಲ್-ಕೋನ್ ಸ್ಪೀಕರಿನ ಕಾಲದಿಂದಲೂ ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಒಂದು ತಡೆ ಇರಲೇಬೇಕಾಗಿದೆ. ಕಾರಿನಲ್ಲಿ ಆ ತಡೆಯ ಕೆಲಸವನ್ನು ಬಾಗಿಲಿನ ತಗಡು ಮಾಡುತ್ತಿತ್ತು. ನಾನು ಸ್ಪೀಕರನ್ನು ಬಿಚ್ಚಿ ತಂದಿದ್ದೆ, ತಡೆಯನ್ನು ಗುಜರಿಗೆ ಕೊಟ್ಟಿದ್ದೆ.

ಹಾಗೆಂದು ಯಾವುದೋ ಒಂದು ಪೆಟ್ಟಿಗೆ ಸಾಕೆಂದು ತಿಳಿಯಬಾರದು. ಮನೆಬಳಕೆಯ ಮುಚ್ಚಿದ ಪೆಟ್ಟಿಗೆಯ ಸ್ಪೀಕರುಗಳಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತೋರಿಸಿಕೊಟ್ಟ ಹಾಗೆ, ಕೋನನ್ನು ಚೌಕಟ್ಟಿಗೆ ಬಂಧಿಸಿ ಹಿಂದಕ್ಕೆಳೆಯುವ ಹಿಡಿತವನ್ನು ಬೇಕೆಂದೇ ಸಡಿಲವಾಗಿಟ್ಟು, ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಳ್ಳಬಹುದು. ಕಾರಿನ ಸ್ಪೀಕರ್ ಮಾಡುವವನಿಗೆ ಆ ಅನುಕೂಲವಿಲ್ಲ. ಅದು ಯಾವ ಬಾಗಿಲಿಗೆ ಹೋಗುತ್ತದೆ, ಆ ಬಾಗಿಲು ಎಷ್ಟು ಸೋರುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕೋನನ್ನು ತಡೆದು ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ಸ್ಪೀಕರಿನ ಸ್ವಂತ ಹಿಡಿತಕ್ಕೇ ವಹಿಸಿರುತ್ತಾನೆ. ಇಂಥ ಸ್ಪೀಕರಿನ ಸ್ವಭಾವವನ್ನು ಅಳೆಯಲು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ಅನಂತರ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅವರೂ ರೂಪಿಸಿದ ಲೆಕ್ಕಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಉದಾಹರಣೆಯನ್ನು ನೋಡಬಹುದು. ಸ್ಪೀಕರಿನ ಸ್ವಂತ ಅನುರಣನೆ, ಎಂದರೆ ಅದರ ಕೋನ್ ತಾನಾಗಿ ಅದುರಲು ಒಲಿಯುವ ಆವೃತ್ತಿ, 65 ಹರ್ಟ್ಸ್, ಆ ಅನುರಣನೆಯ ತೀಕ್ಷ್ಣತೆಯನ್ನು ಹೇಳುವ ‘ಕ್ಯೂ’ ಸಂಖ್ಯೆ 0.6, ಅದರ ಹಿಡಿತದಷ್ಟೇ ಬಿಗಿಯಾದ ಗಾಳಿಯ ಗಾತ್ರ 15 ಲೀಟರ್ ಎಂದಿಟ್ಟುಕೊಳ್ಳೋಣ. 15 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕ್ಯೂ 0.85ಕ್ಕೂ ಅನುರಣನೆ 92 ಹರ್ಟ್ಸಿಗೂ ಏರುತ್ತವೆ. ಇದನ್ನು ಕಿವಿ ಒಪ್ಪಿಕೊಳ್ಳುತ್ತದೆ. ಅದೇ ಸ್ಪೀಕರನ್ನು 5 ಲೀಟರಿನ ಚೆಂದದ ಪುಟ್ಟ ಡಬ್ಬಿಗೆ ತುರುಕಿದರೆ ಕ್ಯೂ 1.2, ಅನುರಣನೆ 130 ಹರ್ಟ್ಸ್ ಆಗುತ್ತದೆ. ಆಗ ಎಲ್ಲ ಹಾಡಿನಲ್ಲೂ ಒಂದೇ ಸ್ವರ ಗುಂಯ್‌ಗುಡುತ್ತದೆ. ಹಲವರು ಅದನ್ನೇ ಒಳ್ಳೆಯ ಬೇಸ್ ಎಂದು ಮೆಚ್ಚುವುದೂ ಉಂಟು, ನನಗಂತೂ ಅದು ತಲೆನೋವು. ಪೆಟ್ಟಿಗೆಗೆ ಕೊಳವೆ ಇಟ್ಟು ಬೇಸ್ ಹೆಚ್ಚಿಸುವ ವಿಧಾನವು ಕ್ಯೂ ಕಡಿಮೆ ಇರುವ ಸ್ಪೀಕರುಗಳಿಗೆ ಹೊಂದುತ್ತದೆಯೇ ಹೊರತು ಇವುಗಳಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ.

ಹಂಚಿನ ಹಳೆಯ ಮನೆಗಳಲ್ಲಿ ಇನ್ನೊಂದು ದಾರಿಯೂ ಇದೆ. ಅಟ್ಟದ ಹಲಗೆಯಲ್ಲಿ ಸಂದುಗಳನ್ನು ಮುಚ್ಚಿ ಸ್ಪೀಕರನ್ನು ಕೂರಿಸಿದರೆ ಇಡೀ ಅಟ್ಟವೇ ಪೆಟ್ಟಿಗೆಯಾಗುತ್ತದೆ. ಇಷ್ಟು ದೊಡ್ಡ ಗಾಳಿಯ ಬೆನ್ನಿದ್ದರೆ ಕಾರಿನ ಸ್ಪೀಕರ್ ತನ್ನ ಸಹಜ ಅನುರಣನೆಯಲ್ಲೇ ನಡೆಯುತ್ತದೆ. ಆದರೂ ಕಾರಿನ ಬೇಸ್ ಮನೆಗೆ ಪೂರ್ತಿಯಾಗಿ ಬರುವುದಿಲ್ಲ. ಕಾರಿನ ಒಳಗಿನ ಉದ್ದಕ್ಕಿಂತ ಅರ್ಧ ತರಂಗವೇ ದೊಡ್ಡದಾಗುವ ಆವೃತ್ತಿಗಳಲ್ಲಿ, ಎಂದರೆ ಸರಿಸುಮಾರು 60–70 ಹರ್ಟ್ಸಿನ ಕೆಳಗೆ, ಅಲೆ ಹರಿದಾಡುವ ಬದಲು ಸೈಕಲ್ ಪಂಪಿನೊಳಗಿನಂತೆ ಇಡೀ ಕಾರಿನ ಗಾಳಿಯ ಒತ್ತಡವೇ ಏರಿಳಿಯುತ್ತದೆ. ಗಾಜು ಏರಿಸಿದ ಕಾರು ತಾನಾಗಿಯೇ ಸೇರಿಸುತ್ತಿದ್ದ ಆ ಬಲವನ್ನು ವಿಶಾಲವಾದ ಹಜಾರದಿಂದ ನಿರೀಕ್ಷಿಸಲಾಗದು.

ಇನ್ನು ಕಾರಿನ ಸ್ಪೀಕರುಗಳ ರೋಧ ಸಾಮಾನ್ಯವಾಗಿ 4 ಓಮ್ ಇರುವ ವಿಷಯ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14.4ರ ಆಸುಪಾಸಿನಲ್ಲಿರುತ್ತದೆ. ಅದರಿಂದ ಸ್ಟೀರಿಯೊ ಸ್ಪೀಕರಿಗೆ ಕೊಡಬಹುದಾದ ಶುದ್ಧ ಸ್ವರ ಹೆಚ್ಚೆಂದರೆ 10 ವೋಲ್ಟ್. ಹತ್ತರ ವರ್ಗವನ್ನು 8 ಓಮಿನಿಂದ ಭಾಗಿಸಿದರೆ ಹನ್ನೆರಡೂವರೆ ವ್ಯಾಟ್, 4 ಓಮಿನಿಂದ ಭಾಗಿಸಿದರೆ 25 ವ್ಯಾಟ್. ವೋಲ್ಟೇಜನ್ನು ಸುಲಭವಾಗಿ ಹೆಚ್ಚಿಸಲಾಗದ ಕಾರಿನಲ್ಲಿ ರೋಧವನ್ನೇ ಇಳಿಸಿದ್ದು ಇದಕ್ಕಾಗಿ. ಸ್ಟೀರಿಯೊಗಳ ಮುಖದ ಮೇಲಿನ ‘50 ವ್ಯಾಟ್ × 4’ ಎಂಬ ಬರಹದ ಮೂಲವೂ ಇದೇ ಲೆಕ್ಕದಲ್ಲಿದೆ: 14.4ರ ವರ್ಗವನ್ನು 4ರಿಂದ ಭಾಗಿಸಿದರೆ 51.8. ಸ್ವರವೆಲ್ಲ ಕೆಟ್ಟು ಚೌಕ ಅಲೆಯಾದಾಗ ಮಾತ್ರ ಸಿಗುವ ಶಕ್ತಿಯದು. ಮನೆಯ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಕನಿಷ್ಠ 8 ಓಮ್ ಎಂದು ಬರೆದಿದ್ದರೆ, ಒಂದೊಂದು ಬದಿಗೆ ಇಂಥ ಎರಡು ಸ್ಪೀಕರುಗಳನ್ನು ಸರಣಿಯಲ್ಲಿ ಜೋಡಿಸಬೇಕು. ಸಮಾಂತರವಾಗಿ ಜೋಡಿಸಿದರೆ ರೋಧ 2 ಓಮಿಗೆ ಇಳಿದು, ವಿದ್ಯುತ್ ಪ್ರವಾಹ ಮಿತಿಮೀರಿ ಆಂಪ್ಲಿಫೈಯರ್ ಸುಟ್ಟೀತು. ಮಲ್ಟಿಮೀಟರ್ 3.4 ಓಮ್ ತೋರಿಸಿದರೆ ಗಾಬರಿ ಬೇಡ, ಅದು ಕಾಯಿಲಿನ ತಂತಿಯ ರೋಧ ಮಾತ್ರ.

ನಾನು ಆಂಪ್ಲಿಫೈಯರಿನ ಬದಲು ಕಾರಿನ ಸ್ಟೀರಿಯೊವನ್ನೇ ಬಳಸಿದ್ದಕ್ಕೆ ನಮ್ಮ ಜುಲೈ ತಿಂಗಳು ಕಾರಣ. ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವ ಕಾಲದಲ್ಲಿ, ಇನ್‌ವರ್ಟರ್ ತನ್ನ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸುವುದು, ಅದನ್ನು ಅಡಾಪ್ಟರ್ ಮತ್ತೆ ಕೆಳಗಿಳಿಸುವುದು, ಎರಡು ಕಡೆಯೂ ಶಕ್ತಿ ಬಿಸಿಯಾಗಿ ಪೋಲಾಗುವುದು ವ್ಯರ್ಥ ಪ್ರಯಾಸ. ಕಾರಿನ ಸ್ಟೀರಿಯೊ ಅದೇ ಬ್ಯಾಟರಿಯಿಂದ ನೇರವಾಗಿ ನಡೆಯುತ್ತದೆ. ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕಾರಿನ ಕೀಲಿಗೆ ಇರುವಂಥವು. ಮನೆಯಲ್ಲಿ ಕೆಂಪಿಗೊಂದು ಸ್ವಿಚ್ ಇಟ್ಟು ಎರಡನ್ನೂ ಪಾಸಿಟಿವ್‌ಗೆ, ಕಪ್ಪನ್ನು ನೆಗೆಟಿವ್‌ಗೆ ಕೊಡಬೇಕು. ಮೊದಲು ನಾನು ಇಂಟರ್‌ನೆಟ್ ರೂಟರಿನ 2 ಆಂಪಿಯರ್ ಅಡಾಪ್ಟರಿನಲ್ಲಿ ಪ್ರಯತ್ನಿಸಿದ್ದೆ. ಡೋಲಿನ ಪ್ರತಿ ಪೆಟ್ಟಿಗೂ ಸ್ಟೀರಿಯೊ ಆರಿ, ಮತ್ತೆ ಹೊತ್ತಿ, ಸ್ವಾಗತದ ಅಕ್ಷರಗಳನ್ನು ತೋರಿಸುತ್ತಿತ್ತು. ಬ್ಯಾಟರಿಯ ತುದಿಗೆ ಅಂಟಿದಂತೆಯೇ 10 ಆಂಪಿಯರ್ ಫ್ಯೂಸ್ ಇರಲಿ. ದೊಡ್ಡ ಬ್ಯಾಟರಿಯ ತಂತಿ ಶಾರ್ಟ್ ಆದರೆ ಬೆಂಕಿಯೇ ಗತಿ. ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುವ ಇನ್‌ವರ್ಟರಿಗೆ ಈ ಜೋಡಣೆ ಕೂಡದು. ಸ್ಪೀಕರುಗಳ ನೆಗೆಟಿವ್ ತಂತಿಗಳನ್ನು ಒಟ್ಟುಗೂಡಿಸಿ ಕಪ್ಪಿಗೆ ಕಟ್ಟುವುದು ಇನ್ನೊಂದು ಸಾಮಾನ್ಯ ತಪ್ಪು: ಈ ಸ್ಟೀರಿಯೊಗಳು ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರಾಗಿ ನಡೆಸುವುದರಿಂದ ಆ ತಂತಿಯೂ ನೆಲದ ತಂತಿಯಲ್ಲ.

ಪೆಟ್ಟಿಗೆಗೆ ತೋಟದ ಸಿಲ್ವರ್ ಓಕ್ ಹಲಗೆಯನ್ನೇ ಬಳಸೋಣವೆಂದಿದ್ದ ನನ್ನನ್ನು ತಡೆದವರು ನಮ್ಮ ಬಡಗಿ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಹಲಗೆ ಮೂಲೆಗಳಲ್ಲಿ ಬಾಯಿ ಬಿಡುತ್ತದೆ, ಗಾಳಿ ಸೋರುತ್ತದೆ. 18 ಮಿಲಿಮೀಟರ್ ಪ್ಲೈವುಡ್ ತಂದು, ಸಂದುಗಳಿಗೆ ಸಿಲಿಕೋನ್ ತುಂಬಿ, ಒಳಗೆ ಹಳೆಯ ದಿಂಬಿನ ಫೈಬರನ್ನು ಹರಡಿದೆವು. ಕಾಗದದ ಕೋನುಗಳು ನಮ್ಮ ತೇವಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯುವುದನ್ನು ರೇಡಿಯೊ ಕಾಲದವರು ಬಲ್ಲರು. ಬಾಗಿಲಿನೊಳಗೆ ಇಳಿಯುವ ಮಳೆನೀರನ್ನು ಎಣಿಸಿಯೇ ಮಾಡಿದ ಕಾರಿನ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಕೋನೂ ರಬ್ಬರಿನ ಅಂಚೂ ಇರುತ್ತವೆ. ಮೂರು ಮಳೆಗಾಲ ಕಳೆದರೂ ನನ್ನವುಗಳ ಕೋನಿನಲ್ಲಿ ಒಂದು ಕಲೆಯಿಲ್ಲ. ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಬಣ್ಣ ಕಿತ್ತುಹೋದ ಚೌಕಟ್ಟಿನ ಅಂಚಿನಲ್ಲಿ ಮಾತ್ರ ಬೆರಳಗಲದ ತುಕ್ಕು ಕಟ್ಟಿದೆ.