ತಾಲ್ಲೂಕು ಕೋರ್ಟಿನ ಹಳೆಯ ಡಿಕ್ರಿ: ಎಲ್ಲಿ ಹುಡುಕಬೇಕು, ನಕಲು ಹೇಗೆ ಕೇಳಬೇಕು

ಜಮೀನು ಕೊಳ್ಳಲು ಹೊರಟಾಗ, ಖಾತೆ ಬದಲಾಯಿಸುವಾಗ ಅಥವಾ ಬ್ಯಾಂಕಿಗೆ ಸಾಲದ ಕಾಗದ ಒಪ್ಪಿಸುವಾಗ ‘ಆ ಕೇಸಿನ ಡಿಕ್ರಿ ತನ್ನಿ’ ಎಂಬ ಮಾತು ಬರುತ್ತದೆ. ಡಿಕ್ರಿ ಎಂದರೆ ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನದ ಅಧಿಕೃತ ಕಾಗದ. ಮನೆಯ ಟ್ರಂಕಿನಲ್ಲಿ ಸಿಗುವುದು ಮಡಿಕೆಯ ಜಾಗದಲ್ಲೇ ಸಂಖ್ಯೆ ಅಳಿಸಿಹೋದ ಮಾಸಲು ಜೆರಾಕ್ಸ್. ಅದನ್ನು ಹಿಡಿದು ಕೋರ್ಟಿಗೆ ಹೋಗಿ ‘ನಮ್ಮ ತಾತನ ಕೇಸು, ಎಂಬತ್ತರ ದಶಕದ್ದು’ ಎಂದರೆ ನಕಲು ಶಾಖೆಯವರು ‘ನಂಬರ್ ಹೇಳಿ’ ಎನ್ನುತ್ತಾರೆ. ಸತಾಯಿಸಲು ಹೇಳುವ ಮಾತಲ್ಲ ಅದು. ರೆಕಾರ್ಡ್ ರೂಮಿನಲ್ಲಿ ಕಟ್ಟುಗಳು ತಾತನ ಹೆಸರಿನಲ್ಲಿ ಇರುವುದಿಲ್ಲ. ಯಾವ ಕೋರ್ಟು, ಯಾವ ಬಗೆಯ ಪ್ರಕರಣ, ಸಂಖ್ಯೆ, ವರ್ಷ ಈ ನಾಲ್ಕೂ ಗೊತ್ತಿರಬೇಕು. ವಿಲೇವಾರಿಯಾದ ದಿನಾಂಕವೂ ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ನಕಲಿಗೆ ಅರ್ಜಿ ಬರೆಯಲು ಹತ್ತು ನಿಮಿಷ ಸಾಕು, ಕಾಲ ಹಿಡಿಯುವುದು ಈ ನಾಲ್ಕನ್ನು ಪತ್ತೆ ಮಾಡುವುದಕ್ಕೆ.

ಇತ್ತೀಚಿನ ಪ್ರಕರಣವಾದರೆ ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್ ಸಾಕು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಅದಿಲ್ಲದಿದ್ದರೆ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿಕೊಂಡು ಪಕ್ಷಗಾರರ ಹೆಸರಿನಲ್ಲಿ ಹುಡುಕಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ನಮೂದಿಸಿರುತ್ತಾರೆ, ಕಾಗುಣಿತ ನಮೂದಿಸಿದವರ ಕೈಗುಣ. ಲಕ್ಷ್ಮಮ್ಮನಿಗೆ ಒಂದು ಕಡೆ ‘ಎಕ್ಸ್’ ಬಿದ್ದಿದ್ದರೆ ಇನ್ನೊಂದು ಕಡೆ ‘ಕೆ-ಎಸ್-ಎಚ್’. ಗೌಡರಿಗೆ ಹಳೇ ಮೈಸೂರಿನಲ್ಲಿ ‘ಡಬ್ಲ್ಯೂ’, ಉತ್ತರ ಕರ್ನಾಟಕದಲ್ಲಿ ‘ಯು’. ಇಡೀ ಹೆಸರು ಹಾಕಿದರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ, ಜನ ಕೇಸೇ ಇಲ್ಲವೆಂದು ನಂಬಿ ಕ್ರಯಕ್ಕೆ ಸಹಿ ಹಾಕುತ್ತಾರೆ. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ವರ್ಷ ಬದಲಿಸುತ್ತ ಹೋಗಿ. ‘ಬಾಕಿ’ ಮತ್ತು ‘ವಿಲೇವಾರಿ’ ಎರಡರಲ್ಲೂ ನೋಡಿ, ವಾದಿಯ ಹೆಸರಿನ ಜೊತೆಗೆ ಪ್ರತಿವಾದಿಯ ಹೆಸರಿನಲ್ಲೂ ಹುಡುಕಿ. ಕಂಡ ಪುಟದಲ್ಲಿ ಫೈಲಿಂಗ್ ಸಂಖ್ಯೆ, ನೋಂದಣಿ ಸಂಖ್ಯೆ ಎಂದು ಎರಡು ಇರುತ್ತವೆ. ನಕಲು ಅರ್ಜಿಯಲ್ಲಿ ಬರೆಯಬೇಕಾದದ್ದು ನೋಂದಣಿ ಸಂಖ್ಯೆ.

ಕಂಪ್ಯೂಟರಿಗೂ ಹಿಂದಿನ ಕೇಸಾದರೆ ಸುಳಿವು ಸಿಗುವುದು ಕಂದಾಯದ ಕಾಗದಗಳಲ್ಲಿ. ಪಹಣಿಯ 11ನೇ ಕಾಲಂ ಹಕ್ಕು ಮತ್ತು ಋಣಗಳದ್ದು, ತಡೆಯಾಜ್ಞೆಯ ನಮೂದು ಕೆಲವೊಮ್ಮೆ ಅಲ್ಲಿ ಸಿಗುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ದಾಖಲೆ. ಕೋರ್ಟಿನ ತೀರ್ಪಿನ ಮೇಲೆ ಖಾತೆ ಬದಲಾಗಿದ್ದರೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಪ್ರತಿಯಲ್ಲಿ ‘ಅ.ದಾ. ನಂ. ಇಷ್ಟು/ಇಷ್ಟು’ (ಅಸಲು ದಾವೆಯ ಸಂಖ್ಯೆ) ಎಂದು ಬರೆದಿರುತ್ತಾರೆ. ನಂತರದ ಕ್ರಯಪತ್ರಗಳ ಪೀಠಿಕೆಯನ್ನೂ ಓದಿ, ಹಕ್ಕು ಹೇಗೆ ಬಂತೆಂದು ಹೇಳುವ ಸಾಲಿನಲ್ಲಿ ದಾವೆಯ ಸಂಖ್ಯೆ ಇದ್ದೀತು. ಕೋರ್ಟು ಹರಾಜಿನಲ್ಲಿ ಮಾರಿದ ಸ್ವತ್ತಾದರೆ ನೋಂದಣಿ ಕಾಯ್ದೆಯ 89ನೇ ಕಲಮಿನಂತೆ ಮಾರಾಟ ಪ್ರಮಾಣಪತ್ರದ ಪ್ರತಿ ಉಪನೋಂದಣಾಧಿಕಾರಿಗೆ ಹೋಗಬೇಕು, ಆ ಕಚೇರಿಯಲ್ಲೂ ಕೇಳಿ. ಋಣಭಾರ ಪತ್ರವೊಂದನ್ನೇ (ಇ.ಸಿ.) ನಂಬಬೇಡಿ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ, ನಡೆಯುತ್ತಿರುವ ದಾವೆಯಲ್ಲ. ಇದಾವುದೂ ಸಿಗದಿದ್ದರೆ ಕೊನೆಗೆ ದಾವೆ ರಿಜಿಸ್ಟರ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೇ ಆದೇಶದ 2ನೇ ನಿಯಮದಂತೆ ಪ್ರತಿ ಸಿವಿಲ್ ಕೋರ್ಟೂ ಅದನ್ನು ಇಡಲೇಬೇಕು. ವರ್ಷ ಗೊತ್ತಿದ್ದರೆ ಹುಡುಕಿಸಿಕೊಡುವಂತೆ ಅರ್ಜಿ ಹಾಕಬಹುದು. ‘1975ರಿಂದ 1990ರವರೆಗೆ ನೋಡಿ’ ಎಂದು ಕೇಳಿದರೆ ಯಾರೂ ಆ ರಿಜಿಸ್ಟರುಗಳನ್ನು ಕೆಳಗಿಳಿಸುವುದಿಲ್ಲ.

ಸಂಖ್ಯೆ ಸಿಕ್ಕ ಮೇಲೆ ಕೋರ್ಟಿನ ಹೆಸರಿನ ಗೊಂದಲ. ಹಳೆಯ ಕಾಗದದಲ್ಲಿ ‘ಮುನ್ಸಿಫ್’ ಎಂದಿದ್ದರೆ ಈಗ ಅದು ಸಿವಿಲ್ ನ್ಯಾಯಾಧೀಶರು, ಕಿರಿಯ ವಿಭಾಗ. ಒಂದೇ ಊರಿನಲ್ಲಿ ಹಿರಿಯ ವಿಭಾಗದ ಕೋರ್ಟೂ ಇದ್ದರೆ ‘112/1986’ ಎರಡು ಕಡೆಯೂ ಇರಬಹುದು, ಎರಡು ಬೇರೆ ಬೇರೆ ಜಗಳ. ಹೆಚ್ಚುವರಿ ಕೋರ್ಟು ಬಂದಾಗ ಕೇಸು ಅಲ್ಲಿಗೆ ವರ್ಗವಾಗಿ ಹೊಸ ಸಂಖ್ಯೆ ಪಡೆದಿರಬಹುದು. ಜಿಲ್ಲೆ ಒಡೆದ ಕಡೆ ಇನ್ನೂ ಒಂದು ಸುತ್ತು. 1997ರಲ್ಲಿ ಧಾರವಾಡದಿಂದ ಗದಗ ಮತ್ತು ಹಾವೇರಿ, ಮೈಸೂರಿನಿಂದ ಚಾಮರಾಜನಗರ, ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದವು. ಅದಕ್ಕೂ ಹಿಂದೆ ಜಿಲ್ಲಾ ಕೋರ್ಟಿನಲ್ಲಿ ಮುಗಿದ ಮೇಲ್ಮನವಿಯ ಕಡತವನ್ನು ಹಳೆಯ ಜಿಲ್ಲಾ ಕೇಂದ್ರದಲ್ಲೂ ವಿಚಾರಿಸಬೇಕು. ಮೇಲ್ಮನವಿ ಹೈಕೋರ್ಟಿಗೆ ಹೋಗಿದ್ದರೆ ಕೆಳಗಿನ ಕಡತವೂ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಗಿ ಕೂತಿರಬಹುದು. ‘ಕಡತ ಇಲ್ಲ’ ಎಂಬ ಬಾಯಿಮಾತು ಕೇಳಿ ವಾಪಸು ಬರಬೇಡಿ. ಎಲ್ಲಿಗೆ, ಯಾವ ದಿನ ಕಳಿಸಿದ್ದೆಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. (ಏಕೀಕರಣಕ್ಕೂ ಹಿಂದಿನ ಕಾಗದ ಕೈಗೆ ಬಂದರೆ ಓದುವುದೇ ಬೇರೆ ಕೆಲಸ. ಬೀದರ, ಕಲಬುರಗಿ ಕಡೆ ಉರ್ದು, ಬೆಳಗಾವಿ ಕಡೆ ಮರಾಠಿಯ ಮೋಡಿ ಲಿಪಿ. ಓದಬಲ್ಲವರು ಊರಿಗೊಬ್ಬರೂ ಸಿಗುವುದಿಲ್ಲ.)

ನೀವು ಹುಡುಕುತ್ತಿರುವುದು ಸಿವಿಲ್ ಕೋರ್ಟಿನ ಕಡತವೇ ಅಲ್ಲದಿರಲೂಬಹುದು. ‘ಗೇಣಿ ಕೇಸು ಗೆದ್ದಿದ್ದೆವು’ ಎಂದು ಹಿರಿಯರು ಹೇಳಿದರೆ ಅದು ಬಹುತೇಕ ಭೂ ನ್ಯಾಯಮಂಡಳಿಯ ಆದೇಶ, ಗೇಣಿದಾರರು ಹಕ್ಕು ಕೋರಿ ಹಾಕಿದ ನಮೂನೆ 7ರ ಅರ್ಜಿಯ ಮೇಲೆ ಆದದ್ದು. ಅದನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೇಳಬೇಕು. ಖಾತೆ ತಕರಾರು ತಹಶೀಲ್ದಾರ್, ಉಪವಿಭಾಗಾಧಿಕಾರಿಗಳ ಬಳಿ ನಡೆದಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು ವಿಭಾಗ ದಾವೆ. ಕಂದಾಯ ಕಟ್ಟುವ ಜಮೀನಿನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಕೋರ್ಟು ಹೇಳುತ್ತದೆ. ಆದರೆ ಸಂಹಿತೆಯ 54ನೇ ಕಲಮಿನಂತೆ ನೆಲದ ಮೇಲೆ ಗೆರೆ ಹಾಕಿ ಹಂಚುವುದು ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನವರ ಕೆಲಸ. ಹಾಗಾಗಿ ಪಾಲಿನ ನಕ್ಷೆ ಡಿಕ್ರಿಯ ಕಡತದಲ್ಲಿ ಸಿಗದೆ ಕಂದಾಯ ಅಥವಾ ಭೂಮಾಪನ ಕಚೇರಿಯಲ್ಲಿ ಸಿಗುವುದುಂಟು.

ಇನ್ನು ಅರ್ಜಿ. ನಕಲು ಅರ್ಜಿಯಲ್ಲಿ ‘ಕೇಸಿನ ಪೂರ್ತಿ ಫೈಲ್’ ಎಂದು ಬರೆದರೆ ಅದು ಆಕ್ಷೇಪಣೆಯೊಡನೆ ಹಿಂದಿರುಗುತ್ತದೆ, ಇಲ್ಲವೇ ಬೇಡದ ಇನ್ನೂರು ಪುಟಕ್ಕೆ ಶುಲ್ಕ ತೆರಬೇಕಾಗುತ್ತದೆ. ಬೇಕಾದ ಕಾಗದವನ್ನು ಹೆಸರಿಸಿ: ವಾದಪತ್ರ, ಲಿಖಿತ ಹೇಳಿಕೆ, ಇಂಥ ಸಾಕ್ಷಿಯ ಹೇಳಿಕೆ, ನಿಶಾನೆ ಪಿ-3 (ಸಾಕ್ಷ್ಯವಾಗಿ ಗುರುತು ಹಾಕಿದ ದಾಖಲೆ), ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಆದೇಶ ಹಾಳೆ, ತೀರ್ಪು, ಡಿಕ್ರಿ. ಸ್ವತ್ತಿನ ವಿಷಯದಲ್ಲಿ ತೀರ್ಪು ಮತ್ತು ಡಿಕ್ರಿ ಎರಡನ್ನೂ ಕೇಳಿ. ತೀರ್ಪಿನಲ್ಲಿ ಕಾರಣ, ಡಿಕ್ರಿಯಲ್ಲಿ ಷೆಡ್ಯೂಲು, ಅಂದರೆ ಸ್ವತ್ತಿನ ವಿವರ. ರಾಜಿಯಲ್ಲಿ ಮುಗಿದ ದಾವೆಯಾದರೆ ‘ರಾಜಿ ಅರ್ಜಿ ಮತ್ತು ಲಗತ್ತಿಸಿದ ಕೈನಕ್ಷೆ ಸಹಿತ’ ಎಂದು ಸ್ಪಷ್ಟವಾಗಿ ಬರೆಯಿರಿ. ಅದನ್ನು ಬರೆಯದಿದ್ದರೆ ‘ರಾಜಿಯ ಷರತ್ತಿನಂತೆ ಡಿಕ್ರಿ’ ಎಂಬ ಹಾಳೆ ಕೈಗೆ ಬರುತ್ತದೆ, ಷರತ್ತು ಏನೆಂದು ಅದರಲ್ಲಿ ಇರದಿರಬಹುದು. ವಿಭಾಗ ದಾವೆಯಲ್ಲಿ ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ ಸಿಕ್ಕಿತೆಂದು ಸುಮ್ಮನಾಗದೆ ಎಫ್.ಡಿ.ಪಿ. (ಅಂತಿಮ ಡಿಕ್ರಿಯ ಪ್ರಕ್ರಿಯೆ) ಆಗಿದೆಯೇ ನೋಡಿ, ಅದಕ್ಕೆ ಬೇರೆಯದೇ ಸಂಖ್ಯೆ ಇರುತ್ತದೆ. ಮೂಲ ಕ್ರಯಪತ್ರದಂಥ ನಿಶಾನೆಗಳನ್ನು ಕೇಸು ಮುಗಿದ ಮೇಲೆ ಹಾಜರುಪಡಿಸಿದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 9ನೇ ನಿಯಮದಡಿ ವಾಪಸು ಪಡೆದಿರಬಹುದು, ಪಡೆದಾಗ ಕಡತದಲ್ಲಿ ನಕಲು ಬಿಟ್ಟಿರಬಹುದು.

ಪಕ್ಷಗಾರರಿಗೆ ಕಾರಣ ಹೇಳುವ ಕಟ್ಟಲೆಯಿಲ್ಲ. ಮೂರನೆಯವರಾದರೆ, ಉದಾಹರಣೆಗೆ ಜಮೀನು ಕೊಳ್ಳುವವರು, ಯಾಕೆ ಬೇಕೆಂದು ಅಫಿಡವಿಟ್ ಹಾಕಿ ನ್ಯಾಯಾಧೀಶರ ಆದೇಶ ಪಡೆಯಬೇಕು. ‘ವೈಯಕ್ತಿಕ ಉಪಯೋಗಕ್ಕೆ’ ಎಂದರೆ ಸಾಲದು. ‘ಸರ್ವೆ ನಂ. ಇಂಥದ್ದನ್ನು ಇಂಥ ದಿನದ ಕರಾರಿನಂತೆ ಕೊಳ್ಳುತ್ತಿದ್ದೇನೆ, ಕರಾರಿನ ಪ್ರತಿ ಲಗತ್ತಿಸಿದೆ, ಹಕ್ಕು ಪರಿಶೀಲಿಸಲು ಡಿಕ್ರಿ ಬೇಕು’ ಎಂಬಷ್ಟು ಇರಲಿ. ಪಕ್ಷಗಾರರು ತೀರಿಕೊಂಡಿದ್ದು ಕೇಳುವವರು ಮಗನೋ ಮೊಮ್ಮಗಳೋ ಆಗಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಜೊತೆಗಿರಲಿ. ಪರದೇಶದಲ್ಲಿರುವವರು ಅಧಿಕಾರಪತ್ರ ಕಳಿಸಿ ಊರಿನ ವಕೀಲರ ಮೂಲಕ ಹಾಕಿಸಬಹುದು.

‘ಆರ್‌ಟಿಐ ಹಾಕಿಬಿಡೋಣ’ ಎಂಬ ಸಲಹೆ ಊರೂರಲ್ಲಿ ಸಿಗುತ್ತದೆ. ಕೋರ್ಟಿನ ಕೇಸು ಕಡತಕ್ಕೆ ಅದು ನಡೆಯದು. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟಿನ ನಿಯಮಗಳಲ್ಲಿ ನಕಲು ಪಡೆಯುವ ದಾರಿ ಇರುವಾಗ ಆ ದಾರಿಯಲ್ಲೇ ಬರಬೇಕು ಎಂದು ಹೇಳಿಯಾಗಿದೆ. ತಾಲ್ಲೂಕು ಕಚೇರಿಯ ಕಾಗದಕ್ಕೆ ಆರ್‌ಟಿಐ ಬಳಸಬಹುದು. ಅಲ್ಲಿ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ.

ಕ್ರಿಮಿನಲ್ ಕಡತದಲ್ಲಿ ಬಾಗಿಲು ಇನ್ನೂ ಕಿರಿದು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮವಾದವನ್ನು ಬಿಟ್ಟು, ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕು. ಆದರೆ ದೋಷಾರೋಪ ಪಟ್ಟಿ ಹಾಗೆ ಸಾರ್ವಜನಿಕವಾಗಿ ಇಡುವಂಥದ್ದಲ್ಲ ಎಂದು ಅದೇ ಕೋರ್ಟು 2023ರಲ್ಲಿ ಹೇಳಿದೆ. ತೀರ್ಪಿನಿಂದ ಬಾಧಿತರಾದವರು (ಹಳೆಯ ಸಿ.ಆರ್.ಪಿ.ಸಿ. ಬದಲಿಗೆ ಬಂದ) ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮಿನಡಿ ಶುಲ್ಕ ಕೊಟ್ಟು ಅದರ ನಕಲು ಪಡೆಯಬಹುದು. ಪೋಕ್ಸೊ ಮತ್ತು ಅತ್ಯಾಚಾರದ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ಹೊರಬಾರದು. ಮೂರನೆಯವರು ಅಲ್ಲಿ ಸಲೀಸಾದ ಉತ್ತರ ನಿರೀಕ್ಷಿಸಬೇಡಿ.

ಮೇಲ್ಮನವಿ ಹಾಕುವವರಿಗೆ ನಕಲು ಅರ್ಜಿಯ ದಿನಾಂಕವೇ ಪ್ರಾಣ. ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ಕಾಲಮಿತಿ ಕಾಯ್ದೆಯ 12ನೇ ಕಲಮಿನಂತೆ ನಕಲಿಗೆ ಬೇಕಾದ ದಿನಗಳನ್ನು ಇದರಿಂದ ಕಳೆಯುತ್ತಾರೆ. ಆದರೆ ಅದೇ ಕಲಮಿನ ವಿವರಣೆ ಓದಿ: ನೀವು ಅರ್ಜಿ ಹಾಕುವ ಮೊದಲು ಡಿಕ್ರಿ ತಯಾರಿಸಲು ಕೋರ್ಟು ತೆಗೆದುಕೊಂಡ ಕಾಲ ಕಳೆಯುವ ಲೆಕ್ಕಕ್ಕಿಲ್ಲ. ಡಿಕ್ರಿ ಬರೆಯಲು 15 ದಿನದ ಅವಧಿ ಇದೆ. ‘ಡಿಕ್ರಿ ರೆಡಿಯಾಗಲಿ, ಆಮೇಲೆ ಅರ್ಜಿ ಹಾಕೋಣ’ ಎಂದು ಕಾದವರು ಆ 15 ದಿನವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ತೀರ್ಪು ಬಂದ ದಿನವೇ ಅರ್ಜಿ ಹಾಕಿ. ಜೂನ್ 10ಕ್ಕೆ ಅರ್ಜಿ ಹಾಕಿದ್ದೀರಿ, 14ಕ್ಕೆ ಶುಲ್ಕ ಕಟ್ಟಲು ಸೂಚಿಸಿದರು, ನೀವು ಕಟ್ಟಿದ್ದು 20ಕ್ಕೆ, ನಕಲು ಸಿದ್ಧವಾದದ್ದು 22ಕ್ಕೆ ಎಂದುಕೊಳ್ಳಿ. ಶುಲ್ಕ ಕಟ್ಟಲು ತಡ ಮಾಡಿದ ಆ 6 ದಿನ ನಿಮ್ಮ ತಲೆಗೇ ಬೀಳುತ್ತದೆ.

ಎಲ್ಲ ಕಡತಗಳೂ ಎಂದೆಂದಿಗೂ ಉಳಿಯುವುದಿಲ್ಲ. ಅವಧಿ ಮುಗಿದ ಸಮನ್ಸು, ಮೆಮೊ, ಸಣ್ಣಪುಟ್ಟ ಅರ್ಜಿಗಳನ್ನು ನಿಯಮದಂತೆ ನಾಶ ಮಾಡುತ್ತಾರೆ. ಸ್ವತ್ತಿನ ದಾವೆಯ ತೀರ್ಪು, ಡಿಕ್ರಿ ಇವಕ್ಕಿಂತ ಬಹಳ ಹೆಚ್ಚು ಕಾಲ ಉಳಿಯುತ್ತವೆ. ಕೇಳಿದ ಕಾಗದ ನಾಶವಾಗಿದ್ದರೆ ಹಾಗೆಂದು ಹಿಂಬರಹ ಪಡೆಯದೆ ಎದ್ದು ಬರಬೇಡಿ. ನಿಮ್ಮ ಟ್ರಂಕಿನ ಆ ಜೆರಾಕ್ಸನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಮಿನಡಿ ದ್ವಿತೀಯಕ ಸಾಕ್ಷ್ಯವಾಗಿ (ಮೂಲದ ಬದಲಿಗೆ ಕೊಡುವ ಸಾಕ್ಷ್ಯ) ಮುಂದಿಡಲು ಆ ಹಿಂಬರಹವೇ ಬುನಾದಿ.

ನಕಲು ಕೈಗೆ ಬಂದಾಗ ಕೌಂಟರಿನಲ್ಲೇ ನಿಂತು ನೋಡಿ. ದೃಢೀಕರಿಸಿದ ಅಧಿಕಾರಿಯ ಸಹಿ, ದಿನಾಂಕ, ಮೊಹರು ಇರಬೇಕು. ಅರ್ಜಿ ಹಾಕಿದ, ಶುಲ್ಕ ಕಟ್ಟಿದ, ಸಿದ್ಧವಾದ, ಕೊಟ್ಟ ದಿನಾಂಕಗಳ ನಮೂದು ತುಂಬಿರಬೇಕು. ಪುಟಸಂಖ್ಯೆ ಎಲ್ಲಿಯೂ ಹಾರಿರಬಾರದು. ಷೆಡ್ಯೂಲಿನ ಸರ್ವೆ ನಂಬರು, ಎಕರೆ-ಗುಂಟೆ, ಚೆಕ್ಕುಬಂದಿಗಳನ್ನು ಪಹಣಿಯ ಜೊತೆ ಹೋಲಿಸಿ. ತಪ್ಪು ನಕಲು ಮಾಡುವಾಗ ಆದದ್ದಾದರೆ ಅಲ್ಲೇ ತಿದ್ದಿಸಬಹುದು. ಮೂಲ ಡಿಕ್ರಿಯಲ್ಲೇ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ತಿದ್ದುಪಡಿ ಅರ್ಜಿ ಹಾಕಬೇಕು, ಅದನ್ನು ತೀರ್ಮಾನಿಸುವವರು ನ್ಯಾಯಾಧೀಶರು.