ಎರಡು ಪಟ್ಟಿ, ನಡುವೆ ಒಂದು ನಂಬರ್: ಪಕ್ಷಗಳ ದೇಣಿಗೆ ಲೆಕ್ಕ ಓದುವುದು ಹೇಗೆ?

2024ರ ಮಾರ್ಚ್ 14ರಂದು ಚುನಾವಣಾ ಆಯೋಗ ತನ್ನ ವೆಬ್‌ಸೈಟಿನಲ್ಲಿ ಎರಡು ಪಟ್ಟಿ ಹಾಕಿತು. ಒಂದರಲ್ಲಿ ಚುನಾವಣಾ ಬಾಂಡ್ ಕೊಂಡವರ ಹೆಸರು, ತಾರೀಖು, ಮೊತ್ತ. (ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡಲು ಸ್ಟೇಟ್ ಬ್ಯಾಂಕ್ ಮಾರುತ್ತಿದ್ದ ಪತ್ರವೇ ಈ ಬಾಂಡ್.) ಇನ್ನೊಂದರಲ್ಲಿ ಆ ಬಾಂಡನ್ನು ಬ್ಯಾಂಕಿಗೆ ಕೊಟ್ಟು ಹಣ ಪಡೆದ ಪಕ್ಷಗಳ ಹೆಸರು, ತಾರೀಖು, ಮೊತ್ತ. ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿದೆ ಎಂದು ಮೊದಲ ಪಟ್ಟಿಯಿಂದ ತಿಳಿಯಿತು. ಬಿಜೆಪಿಗೆ 6,000 ಕೋಟಿ ರೂಪಾಯಿಗೂ ಜಾಸ್ತಿ ಬಂದಿದೆ ಎಂದು ಎರಡನೆಯದರಿಂದ ತಿಳಿಯಿತು. ಆದರೆ ಯಾರ ದುಡ್ಡು ಯಾರಿಗೆ ಹೋಯಿತು? ಎರಡೂ ಪಟ್ಟಿಯನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತರೂ ಅದು ಗೊತ್ತಾಗುತ್ತಿರಲಿಲ್ಲ.

ತಾರೀಖು ಮತ್ತು ಮೊತ್ತ ನೋಡಿ ಹೊಂದಿಸಬಹುದಲ್ಲ ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಬಾಂಡ್‌ಗಳು ಇದ್ದದ್ದು ಐದೇ ಬೆಲೆಯಲ್ಲಿ: 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ. ದೊಡ್ಡ ಹಣವೆಲ್ಲ ಹೋದದ್ದು ಒಂದು ಕೋಟಿಯ ಬಾಂಡ್‌ಗಳಲ್ಲಿ. ಒಂದೇ ವಾರದಲ್ಲಿ ಹತ್ತಾರು ಕಂಪನಿಗಳು ನೂರಾರು ಬಾಂಡ್ ಕೊಂಡಿವೆ, ಅದೇ ವಾರದಲ್ಲಿ ಹಲವು ಪಕ್ಷಗಳು ನೂರಾರು ಬಾಂಡ್ ಬ್ಯಾಂಕಿಗೆ ಹಾಕಿವೆ. ಒಂದು ಕೋಟಿಯ ಒಂದು ಬಾಂಡ್ ಇನ್ನೊಂದರ ಥರವೇ ಕಾಣುತ್ತದೆ. ಇದಕ್ಕೆ ಅದು, ಅದಕ್ಕೆ ಇದು ಎಂದು ಜೋಡಿಸುತ್ತಾ ಹೋದರೆ ಲಕ್ಷಗಟ್ಟಲೆ ಜೋಡಣೆಗಳು ಸಾಧ್ಯ. ಯಾವುದು ನಿಜ ಎಂದು ಗಣಿತ ಹೇಳಲಾರದು.

ದೇವಸ್ಥಾನದ ಮುಂದೆ ಚಪ್ಪಲಿ ಬಿಡುವಾಗ ಟೋಕನ್ ಕೊಡುತ್ತಾರಲ್ಲ, ಅದರ ನಂಬರಿನ ಇನ್ನೊಂದು ಚೀಟಿ ಚಪ್ಪಲಿಯ ಜೊತೆ ಇರುತ್ತದೆ. ಡೇಟಾಬೇಸ್ ಕೆಲಸ ಮಾಡುವವರು ಇಂಥ ನಂಬರನ್ನು ‘ಕೀ’ ಎನ್ನುತ್ತಾರೆ. ಎರಡು ಪಟ್ಟಿಯಲ್ಲೂ ಒಂದೇ ಕೀ ಇದ್ದರೆ ಅವನ್ನು ಒಂದು ಪಟ್ಟಿ ಮಾಡುವುದು ಕಂಪ್ಯೂಟರಿಗೆ ಕ್ಷಣಗಳ ಕೆಲಸ. ಮಾರ್ಚ್ 14ರ ಪಟ್ಟಿಗಳಲ್ಲಿ ಇಲ್ಲದೆ ಹೋದದ್ದು ಅದೇ.

ಆದರೆ ಪ್ರತಿ ಬಾಂಡ್ ಮೇಲೂ ಆ ನಂಬರ್ ಇತ್ತು. ಬರಿಗಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ. 2018ರ ಏಪ್ರಿಲ್‌ನಲ್ಲಿ ಒಬ್ಬ ಪತ್ರಕರ್ತೆ ಸಾವಿರ ರೂಪಾಯಿಯ ಬಾಂಡ್ ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು. ಅತಿನೇರಳೆ ಬೆಳಕಿನಲ್ಲಿ ಹಿಡಿದಾಗ ಮೂಲೆಯಲ್ಲಿ ಅಕ್ಷರ ಮತ್ತು ಅಂಕಿ ಸೇರಿದ ಗುರುತು ಹೊಳೆಯಿತು. ನೋಟುಗಳಲ್ಲೂ ಇಂಥ ಶಾಯಿ ಇರುತ್ತದೆ. ಅದು ಅತಿನೇರಳೆ ಕಿರಣವನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ನಕಲಿ ಬಾಂಡ್ ತಡೆಯಲಷ್ಟೇ ಈ ನಂಬರ್, ಕೊಂಡವರ ಹೆಸರಿನ ಎದುರು ಇದನ್ನು ಬರೆದುಕೊಳ್ಳುವುದಿಲ್ಲ ಎಂದು ಆಗ ಹಣಕಾಸು ಸಚಿವಾಲಯ ಹೇಳಿತ್ತು.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾಂಡ್ ಯೋಜನೆಯನ್ನೇ ರದ್ದು ಮಾಡಿತು. ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರು ಎಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಬಾಂಡ್‌ಗಳ ವಿವರ ಕೊಡಿ ಎಂದು ಸ್ಟೇಟ್ ಬ್ಯಾಂಕಿಗೆ ಹೇಳಿತು. ಅದಕ್ಕೆ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. 22,217 ಬಾಂಡ್‌ಗಳಿವೆ, ಕೊಂಡವರದು ಒಂದು ಕಡೆ, ಪಕ್ಷಗಳದು ಇನ್ನೊಂದು ಕಡೆ ಇದೆ, ಒಟ್ಟು 44,434 ಮಾಹಿತಿಗಳನ್ನು ಹೊಂದಿಸಬೇಕು ಎಂಬುದು ಬ್ಯಾಂಕಿನ ಕಾರಣ. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 18ರಂದು ಬಾಂಡ್ ನಂಬರುಗಳನ್ನೂ ಕೊಡಿ ಎಂದಿತು. 21ರಂದು ನಂಬರುಗಳು ಬಂದವು. ಕೊಂಡವರ ಪಟ್ಟಿಯಲ್ಲೂ ನಂಬರ್ ಇತ್ತು, ಪಕ್ಷಗಳ ಪಟ್ಟಿಯಲ್ಲೂ ಇತ್ತು. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದಿದ್ದ ಹೊಂದಾಣಿಕೆಯನ್ನು ಪತ್ರಕರ್ತರು, ಪ್ರೋಗ್ರಾಂ ಬರೆಯಬಲ್ಲ ಸಾಮಾನ್ಯ ಓದುಗರು ಅವತ್ತೇ ಮಾಡಿ ಮುಗಿಸಿದರು.

ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದು. ದೇಣಿಗೆಯ ವರದಿ ಇದೆಯೋ ಇಲ್ಲವೋ ಎಂದು ನಾವು ಕೇಳುತ್ತೇವೆ. ಕೇಳಬೇಕಾದದ್ದು, ಆ ವರದಿಯನ್ನು ಇನ್ನೊಂದು ದಾಖಲೆಗೆ ಜೋಡಿಸಲು ಆಗುತ್ತದೆಯೇ ಎಂದು. ಬಾಂಡ್ ಹೋಯಿತು. ಆದರೆ ಕೀ ಇಲ್ಲದ ಜಾಗಗಳು ಇನ್ನೂ ಇವೆ.

ಮಾಮೂಲಿ ವರದಿಯನ್ನೇ ನೋಡೋಣ. ಪ್ರಜಾಪ್ರತಿನಿಧಿ ಕಾಯ್ದೆಗೆ 2003ರಲ್ಲಿ 29ಸಿ ಎಂಬ ಸೆಕ್ಷನ್ ಸೇರಿತು. ಒಬ್ಬ ವ್ಯಕ್ತಿಯಿಂದ ಅಥವಾ ಕಂಪನಿಯಿಂದ ಒಂದು ಹಣಕಾಸು ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಬಂದರೆ ಪಕ್ಷದ ಖಜಾಂಚಿ ಅದನ್ನು ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಇದಕ್ಕೆ ನಮೂನೆ 24ಎ ಇದೆ. ಹೆಸರು, ವಿಳಾಸ, ಪ್ಯಾನ್, ಮೊತ್ತ, ಚೆಕ್ಕೋ ಡ್ರಾಫ್ಟೋ ನಗದೋ ಎಂಬ ವಿವರ, ಇಷ್ಟು ತುಂಬಬೇಕು. ಇದಲ್ಲದೆ ಸಿಎ ಆಡಿಟ್ ಮಾಡಿದ ವಾರ್ಷಿಕ ಲೆಕ್ಕಪತ್ರವನ್ನೂ ಪಕ್ಷ ಆಯೋಗಕ್ಕೆ ಕೊಡುತ್ತದೆ. ಅದರಲ್ಲಿ ಒಟ್ಟು ಆದಾಯ ಇರುತ್ತದೆ.

ಈ ಎರಡು ಕಾಗದಗಳನ್ನು ಎದುರು ಬದುರು ಇಟ್ಟು ಕಳೆಯುವ ಲೆಕ್ಕ ಮಾಡಿದರೆ ಒಂದು ಮೊತ್ತ ಉಳಿಯುತ್ತದೆ. ಒಟ್ಟು ಆದಾಯದಲ್ಲಿ ಹೆಸರು ಸಮೇತ ಬಂದ ದೇಣಿಗೆ ಕಳೆಯಿರಿ. ಬ್ಯಾಂಕ್ ಬಡ್ಡಿ, ಸದಸ್ಯತ್ವ ಶುಲ್ಕ, ಬಾಡಿಗೆಯಂಥ ಗೊತ್ತಿರುವ ಬಾಬ್ತು ಕಳೆಯಿರಿ. ಉಳಿದದ್ದು ಮೂಲ ಗೊತ್ತಿಲ್ಲದ ಹಣ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್, ವರ್ಷ ವರ್ಷವೂ ಮಾಡುವ ಲೆಕ್ಕ ಇದೇ. 1999ರಲ್ಲಿ ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು ಕಟ್ಟಿದ ಸಂಸ್ಥೆ ಇದು. ಅವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರು ಐಐಎಂಗೆ ಬಂದರು. ಪಕ್ಷಗಳ ಆದಾಯ ತೆರಿಗೆ ರಿಟರ್ನ್ ಜನರಿಗೆ ಸಿಗಬೇಕು ಎಂದು ಕೇಂದ್ರ ಮಾಹಿತಿ ಆಯೋಗ 2008ರಲ್ಲಿ ಆದೇಶ ಕೊಟ್ಟದ್ದು ಎಡಿಆರ್ ಅರ್ಜಿಯ ಮೇಲೆ. ಅವರು ಇಷ್ಟು ವರ್ಷ ಪಟ್ಟು ಬಿಡದೆ ಕೂಡಿ ಕಳೆದ ಕಾರಣಕ್ಕೇ ಇವತ್ತು ನಮ್ಮ ಮುಂದೆ ಅಂಕಿಗಳಿವೆ.

ಈಗ 20,000ದ ಗೆರೆಗೆ ಬರೋಣ. ಸಣ್ಣ ದೇಣಿಗೆ ಕೊಡುವವನ ಹೆಸರು ಹೊರಗೆ ಬರಬಾರದು ಎಂಬುದರಲ್ಲಿ ನ್ಯಾಯವಿದೆ. ಊರಿನ ದೊಡ್ಡವರ ಎದುರಾಳಿ ಪಕ್ಷಕ್ಕೆ ಐನೂರು ರೂಪಾಯಿ ಕೊಟ್ಟ ಕೂಲಿಯವನಿಗೆ ಆ ರಕ್ಷಣೆ ಬೇಕೇ ಬೇಕು. ಆದರೆ ಕಾಯ್ದೆಯ ಮಾತನ್ನು ಗಮನವಿಟ್ಟು ಓದಿ. ವರ್ಷದಲ್ಲಿ ಒಬ್ಬನಿಂದ ಒಟ್ಟು ಎಷ್ಟು ಬಂತು ಎಂದು ಅದು ಕೇಳುತ್ತದೆ. ಒಂದೊಂದು ಸಲ 19,000ದಂತೆ ಹತ್ತು ಸಲ ಕೊಟ್ಟರೆ ಒಟ್ಟು 1,90,000 ಆಯಿತು, ಅದು ವರದಿಯಲ್ಲಿ ಬರಬೇಕು. ಸರಿ, ಆ ಹತ್ತೂ ಸಲ ಕೊಟ್ಟವನು ಒಬ್ಬನೇ ಎಂದು ತಿಳಿಯುವುದು ಹೇಗೆ? ಪ್ರತಿ ಸಲವೂ ಪ್ಯಾನ್ ಬರೆದುಕೊಂಡಿದ್ದರೆ ತಿಳಿಯುತ್ತದೆ. ಸಣ್ಣ ಮೊತ್ತ ಎಂದು ಬರೆದುಕೊಳ್ಳದಿದ್ದರೆ ಕೂಡಿಸಲು ಕೀ ಇಲ್ಲ. ಕಾಯ್ದೆ ಕೂಡಿಸಿ ಎನ್ನುತ್ತದೆ, ಕೂಡಿಸಲು ಬೇಕಾದದ್ದನ್ನು ಕೇಳುವುದಿಲ್ಲ.

ಗೆರೆಯ ಕೆಳಗೆ ಎಷ್ಟು ಹಣ ಹಿಡಿಸುತ್ತದೆ ಎಂದು ಸುಮ್ನೆ ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 20,000 ಎಂದರೆ ಒಂದು ಕೋಟಿಗೆ 500 ಜನ ಬೇಕು, ನೂರು ಕೋಟಿಗೆ 50,000 ಜನ. ದೊಡ್ಡ ಪಕ್ಷಕ್ಕೆ ಅಷ್ಟು ಅಭಿಮಾನಿಗಳು ಇರಬಹುದು, ಇರುತ್ತಾರೆ ಕೂಡ. ಆ 50,000 ಜನ ನಿಜಕ್ಕೂ ಇದ್ದಾರೆಯೇ ಎಂದು ಹೊರಗಿನವರು ಪರೀಕ್ಷಿಸಲು ದಾರಿ ಇಲ್ಲ ಎಂಬುದು ನನ್ನ ಆತಂಕ. ಬಹುಜನ ಸಮಾಜ ಪಕ್ಷ ಹತ್ತಕ್ಕೂ ಹೆಚ್ಚು ವರ್ಷಗಳಿಂದ ಪ್ರತಿ ಸಲವೂ 20,000 ಮೀರಿದ ದೇಣಿಗೆ ಒಂದೂ ಬಂದಿಲ್ಲ ಎಂದು ವರದಿ ಕೊಡುತ್ತಿದೆ. ಅದು ನಿಜ ಎಂದೂ ತೋರಿಸಲಾಗದು, ಸುಳ್ಳು ಎಂದೂ ತೋರಿಸಲಾಗದು. ಪರೀಕ್ಷಿಸಲು ಆಗದ ಹೇಳಿಕೆಗೆ ವಿಜ್ಞಾನದಲ್ಲಿ ಬೆಲೆ ಇಲ್ಲ. ಸಾರ್ವಜನಿಕ ಲೆಕ್ಕದಲ್ಲೂ ಇರಬಾರದು.

2017ರಲ್ಲಿ ಇನ್ನೊಂದು ಗೆರೆ ಬಂತು. ಆದಾಯ ತೆರಿಗೆ ವಿನಾಯಿತಿ ಬೇಕಾದರೆ ಪಕ್ಷಗಳು ಒಂದು ಸಲಕ್ಕೆ 2,000 ರೂಪಾಯಿಗಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಈ ನಿಯಮಕ್ಕೆ ಹಲ್ಲು ಇದೆ. 2017-18ರ ರಿಟರ್ನನ್ನು ಗಡುವು ಮುಗಿದ ಮೇಲೆ ಸಲ್ಲಿಸಿದ್ದಕ್ಕೆ ಮತ್ತು 2,000 ಮೀರಿದ ನಗದು ಪಡೆದದ್ದಕ್ಕೆ ಕಾಂಗ್ರೆಸ್ ಆ ವರ್ಷದ ವಿನಾಯಿತಿಯನ್ನೇ ಕಳೆದುಕೊಂಡಿತು. 2025ರ ಜುಲೈನಲ್ಲಿ ತೆರಿಗೆ ನ್ಯಾಯಮಂಡಳಿಯೂ ಅದರ ಮೇಲ್ಮನವಿಯನ್ನು ಒಪ್ಪಲಿಲ್ಲ. ಅಂಥ ನಗದು ಇದ್ದದ್ದು 14 ಲಕ್ಷದ ಆಸುಪಾಸು, ಅದರಿಂದ ತೆರಿಗೆಗೆ ಒಳಗಾದ ಆದಾಯ 199 ಕೋಟಿ. ನಿಯಮ ಎಲ್ಲ ಪಕ್ಷಗಳಿಗೂ ಇದೇ ಬಿಗಿಯಲ್ಲಿ ನಡೆಯಬೇಕು ಎಂಬುದಷ್ಟೇ ನನ್ನ ಆಸೆ.

ತೆರಿಗೆಯ ಇನ್ನೊಂದು ಮಗ್ಗುಲು ಸಂಬಳದವರಿಗೆ ಹತ್ತಿರದ್ದು. ಹಳೆಯ ತೆರಿಗೆ ಪದ್ಧತಿಯಲ್ಲಿ ಪಕ್ಷಕ್ಕೆ ಕೊಟ್ಟ ಹಣಕ್ಕೆ ಪೂರ್ತಿ ಕಡಿತ ಸಿಗುತ್ತದೆ, ಅಂದರೆ ಅಷ್ಟು ಆದಾಯಕ್ಕೆ ತೆರಿಗೆ ಇಲ್ಲ. ಇದನ್ನೇ ಹಿಡಿದುಕೊಂಡು ಒಂದು ದಂಧೆ ಹುಟ್ಟಿತು. ಹೆಸರೇ ಕೇಳದ ಯಾವುದೋ ನೋಂದಾಯಿತ ಪಕ್ಷಕ್ಕೆ ಬ್ಯಾಂಕಿನಿಂದ ಲಕ್ಷ ಕಳಿಸಿದರೆ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ನಗದಾಗಿ ವಾಪಸ್ ಕೊಡುತ್ತಾರೆ. ಕೊಟ್ಟವನು ತೆರಿಗೆ ಉಳಿಸಿಕೊಳ್ಳುತ್ತಾನೆ. 2025ರ ಜುಲೈನಲ್ಲಿ ತೆರಿಗೆ ಇಲಾಖೆ ದೇಶದ 150 ಕಡೆ ಇಂಥ ಸುಳ್ಳು ಕಡಿತಗಳನ್ನು ತಪಾಸಣೆ ಮಾಡಿತು. ಆಗಸ್ಟ್‌ನಲ್ಲಿ ಚುನಾವಣಾ ಆಯೋಗ 334 ಪಕ್ಷಗಳನ್ನು ಪಟ್ಟಿಯಿಂದ ತೆಗೆಯಿತು. ಅವು 2019ರಿಂದ ಒಂದೂ ಚುನಾವಣೆಗೆ ನಿಂತಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಈಗಿನ ರಿಟರ್ನ್ ಫಾರಂನಲ್ಲಿ ಈ ಕಡಿತ ಕೇಳುವವನು ದೇಣಿಗೆ ಕೊಟ್ಟ ತಾರೀಖು, ವಹಿವಾಟಿನ ನಂಬರ್, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಎಲ್ಲ ತುಂಬಬೇಕು. ಅಂದರೆ ತೆರಿಗೆ ಸೋರುತ್ತಿದೆ ಎಂದಾಗ ಸರಿಯಾದ ಕೀ ಕೇಳುವುದು ಸರ್ಕಾರಕ್ಕೆ ಗೊತ್ತಿದೆ. ಹತ್ತು ಸಾವಿರ ಕೊಟ್ಟ ಗುಮಾಸ್ತನಿಂದ ಕೇಳುವ ವಿವರವನ್ನು ನೂರಾರು ಕೋಟಿ ಪಡೆದ ಪಕ್ಷದಿಂದಲೂ ಕೇಳಬಹುದು ಅಲ್ವಾ?

ಕಂಪನಿಗಳ ಕಥೆ ಹಳೆಯದು. 1969ರಲ್ಲಿ ಕಂಪನಿ ದೇಣಿಗೆಯನ್ನು ನಿಷೇಧಿಸಿದರು, 1985ರಲ್ಲಿ ಮತ್ತೆ ಬಿಟ್ಟರು. 2013ರ ಕಂಪನಿ ಕಾಯ್ದೆ ಮೂರು ವರ್ಷದ ಸರಾಸರಿ ಲಾಭದ ಶೇ 7.5ರ ಮಿತಿ ಹಾಕಿತು, 2017ರಲ್ಲಿ ಆ ಮಿತಿ ತೆಗೆದರು. ಯಾವ ಪಕ್ಷಕ್ಕೆ ಕೊಟ್ಟೆವು ಎಂದು ಕಂಪನಿ ತನ್ನ ಲೆಕ್ಕದಲ್ಲಿ ತೋರಿಸುವುದನ್ನೂ ಕೈಬಿಟ್ಟರು. 2024ರ ತೀರ್ಪು ಎರಡನ್ನೂ ಮತ್ತೆ ಜಾರಿಗೆ ತಂದಿದೆ. ಇದು ದೊಡ್ಡ ಲಾಭ. ಈಗ ಒಂದೇ ದೇಣಿಗೆ ಎರಡು ಕಡೆ ದಾಖಲಾಗುತ್ತದೆ, ಕಂಪನಿಯ ಲಾಭ ನಷ್ಟದ ಲೆಕ್ಕದಲ್ಲಿ ಮತ್ತು ಪಕ್ಷದ 24ಎಯಲ್ಲಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸಿಕ್ಕಿಬೀಳುತ್ತದೆ.

ನಡುವೆ ಚುನಾವಣಾ ಟ್ರಸ್ಟ್ ಬಂದರೆ ಮಾತ್ರ ಎಳೆ ಮತ್ತೆ ತುಂಡಾಗುತ್ತದೆ. 2013ರ ಯೋಜನೆಯಂತೆ ಕಂಪನಿಗಳು ಟ್ರಸ್ಟ್‌ಗೆ ಕೊಡಬಹುದು, ಟ್ರಸ್ಟ್ ಆ ವರ್ಷ ಬಂದದ್ದರಲ್ಲಿ ಶೇ 95ನ್ನು ಪಕ್ಷಗಳಿಗೆ ಹಂಚಬೇಕು. ಟ್ರಸ್ಟ್ ಎರಡು ಪಟ್ಟಿ ಕೊಡುತ್ತದೆ: ಯಾರು ಕೊಟ್ಟರು, ಯಾವ ಪಕ್ಷಕ್ಕೆ ಎಷ್ಟು ಹೋಯಿತು. ಒಂದೇ ಕಂಪನಿ ಕೊಟ್ಟು ಒಂದೇ ಪಕ್ಷಕ್ಕೆ ಹೋದರೆ ತೊಂದರೆ ಇಲ್ಲ. ಹತ್ತು ಕಂಪನಿಯ ದುಡ್ಡು ಸೇರಿ ಐದು ಪಕ್ಷಕ್ಕೆ ಹೋದಾಗ ಯಾವುದು ಯಾರದು? ಮಾರ್ಚ್ 14ರ ಸಂಜೆ ಎದುರಾದ ಅದೇ ಪ್ರಶ್ನೆ. ಬಾಂಡ್‌ನಲ್ಲಾದರೂ ಗುಟ್ಟಿನ ನಂಬರ್ ಇತ್ತು, ಕೋರ್ಟ್ ಅದನ್ನು ಹೊರಗೆ ತರಿಸಿತು. ಟ್ರಸ್ಟ್‌ನಲ್ಲಿ ತರಿಸಲು ಅಂಥದ್ದೊಂದು ನಂಬರ್ರೇ ಇಲ್ಲ.

ಬಾಂಡ್ ಕಾಲದಲ್ಲೂ ತಾವಾಗಿಯೇ ಹೆಸರು ಕೊಟ್ಟ ಪಕ್ಷಗಳಿದ್ದವು. ಕೋರ್ಟ್ ಹೇಳಿದ್ದರಿಂದ ಪಕ್ಷಗಳು ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ವಿವರ ಸಲ್ಲಿಸಿದ್ದವು. ಹೆಚ್ಚಿನ ಪಕ್ಷಗಳು ಕೊಟ್ಟವರು ಯಾರೆಂದು ಬರೆಯಲಿಲ್ಲ. 2019ರ ಏಪ್ರಿಲ್‌ನಲ್ಲಿ ಯಾರೋ ಪಟ್ನಾ ಕಚೇರಿಗೆ ಬಂದು ಲಕೋಟೆ ಕೊಟ್ಟು ಹೋದರು, ಒಡೆದರೆ ಒಂದು ಕೋಟಿಯ ಹತ್ತು ಬಾಂಡ್ ಇತ್ತು ಎಂದು ಜೆಡಿಯು ಹೇಳಿತು. ತಮಿಳುನಾಡಿನ ಡಿಎಂಕೆ ತನಗೆ ಬಂದ 656.5 ಕೋಟಿಯಲ್ಲಿ 509 ಕೋಟಿ ಫ್ಯೂಚರ್ ಗೇಮಿಂಗ್‌ನದು ಎಂದು ಬರೆಯಿತು. ನಮ್ಮ ಜೆಡಿಎಸ್ ಕೂಡ 89.75 ಕೋಟಿಯ ವಿವರ ಕೊಟ್ಟಿತು, ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಕಂಪನಿಯದು. ಯಾರು ಕೊಟ್ಟರೆಂದು ಪಕ್ಷಕ್ಕೆ ಗೊತ್ತಿರಲು ಸಾಧ್ಯವಿಲ್ಲ ಎಂಬ ವಾದ ಅಲ್ಲಿಗೆ ಬಿತ್ತು.

ಏನು ಮಾಡಬಹುದು ಎಂಬುದಕ್ಕೆ ಒಳ್ಳೆಯ ಸಲಹೆ ಆಗಲೇ ಇದೆ. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಒಂದು ಜಾಣ ಸೂತ್ರ ಕೊಟ್ಟಿತು. 20,000ದ ಗೆರೆ ಇರಲಿ. ಆದರೆ ಗೆರೆಯ ಕೆಳಗಿನ ದೇಣಿಗೆಗಳೆಲ್ಲ ಸೇರಿ 20 ಕೋಟಿಯನ್ನೋ ಪಕ್ಷದ ಒಟ್ಟು ದೇಣಿಗೆಯ ಶೇ 20ನ್ನೋ, ಯಾವುದು ಕಡಿಮೆಯೋ ಅದನ್ನು ಮೀರಿದರೆ ಅವುಗಳ ವಿವರವನ್ನೂ ಕೊಡಬೇಕು. ದೊಡ್ಡ ಮೊತ್ತವನ್ನು ಚಿಲ್ಲರೆ ಮಾಡಿ ತೋರಿಸುವ ದಾರಿ ಇದರಿಂದ ಕಿರಿದಾಗುತ್ತದೆ.

ಇನ್ನು ಉಳಿದದ್ದು ಸಮಯ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ರಂದು ಮತ ಹಾಕಿತು. ಆ ಏಪ್ರಿಲ್‌ನಲ್ಲಿ ಪಕ್ಷಗಳಿಗೆ ಬಂದ ಹಣ 2024-25ರ ಲೆಕ್ಕಕ್ಕೆ ಸೇರುತ್ತದೆ. ಆ ವರ್ಷದ ವರದಿಗೆ ಗಡುವು ಸಾಮಾನ್ಯವಾಗಿ 2025ರ ಅಕ್ಟೋಬರ್ ಕೊನೆ. ಮತದಾರನಿಗೆ ವಿಷಯ ತಿಳಿಯುವುದು ಮತ ಹಾಕಿ ಸುಮಾರು ಒಂದೂವರೆ ವರ್ಷದ ಮೇಲೆ. ಜರ್ಮನಿಯಲ್ಲಿ 35,000 ಯೂರೋ ಮೀರಿದ ದೇಣಿಗೆಯನ್ನು ಪಕ್ಷ ಸಂಸತ್ತಿನ ಅಧ್ಯಕ್ಷರಿಗೆ ತಡಮಾಡದೆ ತಿಳಿಸಬೇಕು, ಅವರು ಅದನ್ನು ಪ್ರಕಟಿಸುತ್ತಾರೆ. ಅಮೆರಿಕದಲ್ಲಿ ಮತದಾನಕ್ಕೆ ಇಪ್ಪತ್ತು ದಿನ ಇರುವಾಗಿನಿಂದ ಸಂಸತ್ತಿನ ಅಭ್ಯರ್ಥಿಗೆ 1,000 ಡಾಲರ್ ಅಥವಾ ಅದಕ್ಕಿಂತ ದೊಡ್ಡ ದೇಣಿಗೆ ಬಂದರೆ 48 ಗಂಟೆಯೊಳಗೆ ವರದಿ ಹೋಗಬೇಕು. ನಮ್ಮಲ್ಲಿ ಪಕ್ಷಗಳು ಲೆಕ್ಕವನ್ನು ಆನ್‌ಲೈನ್‌ನಲ್ಲೇ ಸಲ್ಲಿಸಲು ಆಯೋಗ 2023ರ ಜುಲೈನಲ್ಲೇ ಪೋರ್ಟಲ್ ತೆರೆದಿದೆ. ವರ್ಷಕ್ಕೊಮ್ಮೆ ಬರುವ ವರದಿ ಅಲ್ಲಿಗೆ ತಿಂಗಳಿಗೊಮ್ಮೆ, ಚುನಾವಣೆ ಘೋಷಣೆಯಾದ ಮೇಲೆ ವಾರಕ್ಕೊಮ್ಮೆ ಬರಬೇಕು ಎಂದರೆ ಹೊಸ ಯಂತ್ರ ಏನೂ ಬೇಡ, 29ಸಿ ಸೆಕ್ಷನ್ನಿಗೆ ಸಂಸತ್ತಿನಲ್ಲಿ ಒಂದು ತಿದ್ದುಪಡಿ ಬೇಕು.