ಸೆರಿಮೋನಿಯಲ್ ಮಾಚಾ ಇಷ್ಟು ಕಹಿ ಇರುತ್ತಾ?

ಪ್ರಶ್ನೆ: ಸೆರಿಮೋನಿಯಲ್ ಗ್ರೇಡ್, ಅಂದ್ರೆ ಟೀ ಸಮಾರಂಭಕ್ಕೆ ಆಗೋ ದರ್ಜೆ, ಅಂತ ಬರ್ದಿರೋ ಜಪಾನಿ ಮಾಚಾ (ನುಣ್ಣಗೆ ಬೀಸಿದ ಹಸಿರು ಟೀ ಪುಡಿ) ಅಷ್ಟೊಂದು ದುಡ್ಡು ಕೊಟ್ಟು ತಗೊಂಡೆ, ಕುಡಿದ್ರೆ ಬರೀ ಕಹಿ. ಇದರ ರುಚಿನೇ ಹೀಗಾ?

ಉತ್ತರ: ಖಂಡಿತ ಅಲ್ಲ. ಕಹಿ ಇರುತ್ತೆ, ಆದ್ರೆ ಅದು ಕೊನೇಲಿ ಸ್ವಲ್ಪ ಬಂದು ಹೋಗ್ಬೇಕು ಅಷ್ಟೆ. ಒಳ್ಳೆ ಮಾಚಾದಲ್ಲಿ ನಾಲಿಗೆಗೆ ಮೊದ್ಲು ಸಿಗೋದು ಉಮಾಮಿ, ಬಾಯಿ ತುಂಬ್ಕೊಳ್ಳೋ ಒಂಥರಾ ದಪ್ಪ ರುಚಿ, ಅದರ ಹಿಂದೆನೇ ತೆಳು ಸಿಹಿ, ಮೂಗಿಗೆ ಎಳೆ ಅವರೆಕಾಳು ಬೇಯೋವಾಗ ಬರುತ್ತಲ್ಲ ಆ ಥರದ ಹಸಿರು ಘಮ.

ಈ ರುಚಿ ಬರೋದು ನೆರಳಿಂದ. ಕ್ಯೋಟೋ ಹತ್ರದ ಉಜಿ, ಐಚಿ ಪ್ರಾಂತ್ಯದ ನಿಶಿಯೋ, ಈ ಕಡೆಯ ತೋಟಗಳಲ್ಲಿ ಕೊಯ್ಲಿಗೆ ಮೂರ್ನಾಲ್ಕು ವಾರ ಮುಂಚೆನೇ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ತಡೀತಾರೆ. ಬಿಸಿಲು ಬಿದ್ರೆ ಎಲೆಯಲ್ಲಿರೋ ಥಿಯಾನಿನ್ ಅನ್ನೋ ಅಂಶ ಕ್ಯಾಟೆಚಿನ್ ಆಗೋಗುತ್ತೆ, ಥಿಯಾನಿನ್ ಅಂದ್ರೆ ಉಮಾಮಿ, ಕ್ಯಾಟೆಚಿನ್ ಅಂದ್ರೆ ಕಹಿ ಒಗರು, ಲೆಕ್ಕ ಇಷ್ಟೇ. ಆಮೇಲೆ ಎಲೆನ ಹಬೆಯಲ್ಲಿ ಬೇಯಿಸಿ, ಉಜ್ಜದೆ ಹಾಗೇ ಒಣಗಿಸಿ, ಕಡ್ಡಿ ನರ ಎಲ್ಲ ತೆಗೆದ್ರೆ ತೆಂಚಾ, ಅದನ್ನ ಕಲ್ಲಲ್ಲಿ ಬೀಸಿದ್ರೆ ಮಾಚಾ. ಒಂದು ಬೀಸೋಕಲ್ಲಿಂದ ಗಂಟೆಗೆ ಬರೋದು ಹೆಚ್ಚುಕಮ್ಮಿ 40 ಗ್ರಾಂ, ದುಬಾರಿ ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ.

ಇನ್ನೊಂದು ವಿಷ್ಯ, ಸೆರಿಮೋನಿಯಲ್ ಗ್ರೇಡ್ ಅನ್ನೋದಕ್ಕೆ ಜಪಾನ್‌ನಲ್ಲಿ ಸರ್ಕಾರಿ ಮಾನದಂಡ ಅಂತ ಏನೂ ಇಲ್ಲ, ಯಾರು ಬೇಕಾದ್ರೂ ಡಬ್ಬಿ ಮೇಲೆ ಹಾಕ್ಬಹುದು. ಹಾಗಾಗಿ ಆ ಪದ ಬಿಟ್ಟು ಯಾವ ಊರಿಂದು, ವಸಂತದ ಮೊದಲ ಕೊಯ್ಲಾ ಅಂತ ನೋಡಿ, ಪುಡಿ ಕಣ್ಣಿಗೆ ಹೊಡೆಯೋ ಹಸಿರಿರ್ಬೇಕು, ಹಳದಿಗೆ ತಿರುಗಿದ್ರೆ ಹಳೇದು ಅಥವಾ ಕಮ್ಮಿ ದರ್ಜೆದು.

ಪುಡಿ ಚೆನ್ನಾಗಿದ್ದೂ ಕಹಿ ಅಂದ್ರೆ ತಪ್ಪು ನೀರಿಂದು. ನಮಗೆ ಟೀ ಅಂದ್ರೆ ಕುದೀಲೇಬೇಕು, ಮಾಚಾಗೆ ಕುದಿಯೋ ನೀರು ಹಾಕಿದ್ರೆ ಕಹಿಯೆಲ್ಲ ಎದ್ದು ಬರುತ್ತೆ. 2 ಗ್ರಾಂ ಪುಡಿ ಜರಡಿ ಹಿಡಿದು ಬಟ್ಟಲಿಗೆ ಹಾಕಿ, 75–80 ಡಿಗ್ರಿಗೆ ಆರಿದ ನೀರು ಒಂದು 60–70 ಎಂಎಲ್ ಹಾಕಿ, ಚಾಸೆನ್ ಅನ್ನೋ ಬಿದಿರಿನ ಕಡೆಗೋಲಿಂದ ಮಣಿಕಟ್ಟು ಸಡಿಲ ಬಿಟ್ಟು ಹಿಂದೆ ಮುಂದೆ ಬೇಗ ಬೇಗ ಆಡಿಸಿ, ತಿರುಗಿಸೋದು ಬೇಡ. ನೊರೆ ಎಷ್ಟಿರ್ಬೇಕು ಅಂತ ತಲೆ ಕೆಡಿಸ್ಕೋಬೇಡಿ, ಜಪಾನಿ ಟೀ ಸಮಾರಂಭದ ಪಂಥಗಳಲ್ಲೇ ಉರಾಸೆಂಕೆಯವರು ಮೇಲೆಲ್ಲ ನೊರೆ ತರಿಸ್ತಾರೆ, ಒಮೊತೆಸೆಂಕೆಯವರು ಕಮ್ಮಿನೇ ಬಿಡ್ತಾರೆ.

ಕುಡಿಯೋಕೆ ಮುಂಚೆ ಒಂದು ಚೂರು ಸಿಹಿ ತಿನ್ನಿ, ಜಪಾನ್‌ನಲ್ಲೂ ವಾಗಾಶಿ ಅನ್ನೋ ಸಿಹಿ ತಿಂದೇ ಬಟ್ಟಲು ಎತ್ಕೊಳ್ಳೋದು. ಸಕ್ಕರೆ ಬಟ್ಟಲಿಗೆ ಬೇಡ. ಹಾಲು ಹಾಕೋದಾದ್ರೆ ದಯವಿಟ್ಟು ಕಮ್ಮಿ ಬೆಲೆ ಪುಡಿ ತಗೊಳ್ಳಿ, ಈ ಸೂಕ್ಷ್ಮ ಎಲ್ಲ ಹಾಲಲ್ಲಿ ಮುಳುಗೋಗುತ್ತೆ. ಓಪನ್ ಮಾಡಿದ ಡಬ್ಬಿನ ಗಾಳಿ ಆಡದ ಹಾಗೆ ಮುಚ್ಚಿ ಫ್ರಿಜ್‌ನಲ್ಲಿಡಿ, ಬೇಗ ಖಾಲಿ ಮಾಡಿ.